ಗ್ರಂಥಾಲಯದಲ್ಲಿ ಸಂಗೀತ, ಇತಿಹಾಸ ಪ್ರದರ್ಶನ: ಕಲಾವಿದರನ್ನು ಕರೆಸುವ ಮುಂಚೆ ಏನು ಕೇಳಬೇಕು, ಏನು ಹೇಳಬೇಕು?

ಕಪಾಟಿನ ಸಾಲು

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಸಮುದಾಯ ಗ್ರಂಥಾಲಯದ ಗ್ರಂಥಪಾಲಕಿ. ಇರುವುದು ಒಂದೇ ದೊಡ್ಡ ಕೋಣೆ. ಮೂರು ಗೋಡೆಗೆ ಕಪಾಟು, ನಡುವೆ ಓದುವ ಮೇಜುಗಳು, ಹಿಂಬದಿಯಲ್ಲಿ ಮಕ್ಕಳ ಮೂಲೆ. ವೇದಿಕೆ ಇಲ್ಲ, ಪರದೆ ಇಲ್ಲ, ಬಣ್ಣ ಹಚ್ಚಿಕೊಳ್ಳಲು ಬೇರೆ ಕೋಣೆಯೂ ಇಲ್ಲ. ಇಲ್ಲಿ ಆಗಾಗ ಕಲಾವಿದರನ್ನು ಕರೆಸಿ ಕಾರ್ಯಕ್ರಮ ಮಾಡಬೇಕೆಂದು ನಮ್ಮ ಸಮಿತಿ ತೀರ್ಮಾನಿಸಿದೆ. ಒಮ್ಮೆ ಸಂಗೀತ, ಇನ್ನೊಮ್ಮೆ ಇತಿಹಾಸ. ಇತಿಹಾಸ ಅಂದರೆ ಚರಿತ್ರೆಯ ಒಬ್ಬ ವ್ಯಕ್ತಿಯ ವೇಷ ಹಾಕಿ ಅವರಾಗಿಯೇ ಮಾತಾಡುವ ಏಕವ್ಯಕ್ತಿ ಪ್ರದರ್ಶನ, ಇಲ್ಲವೇ ಹಾಡು, ಕಥೆ ಬೆರೆಸಿ ಒಂದು ಕಾಲವನ್ನು ಕಣ್ಮುಂದೆ ತರುವಂಥದ್ದು.

ಹಣ ಸ್ವಲ್ಪ ಇದೆ, ಉತ್ಸಾಹ ಬೇಕಾದಷ್ಟಿದೆ. ಯಾರನ್ನು ವಿಚಾರಿಸಿದರೂ ಒಂದೆರಡು ಹೆಸರು ಕೊಟ್ಟು "ತುಂಬಾ ಚೆನ್ನಾಗಿ ಮಾಡ್ತಾರೆ" ಅನ್ನುತ್ತಾರೆ. ಸಭಾಂಗಣದಲ್ಲಿ ಚೆನ್ನಾಗಿ ಮಾಡುವವರು ಕಪಾಟುಗಳ ನಡುವೆಯೂ ಚೆನ್ನಾಗಿ ಮಾಡುತ್ತಾರಾ? ಬುಕ್ ಮಾಡುವ ಮುಂಚೆ ಅವರನ್ನು ಏನೇನು ಕೇಳಬೇಕು, ನಮ್ಮ ಜಾಗದ ಬಗ್ಗೆ ಏನೇನು ಹೇಳಬೇಕು? ಕಾಗದದ ಮೇಲೆ ಏನಿರಬೇಕು? ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ. ಕಲಾವಿದರ ಕಡೆಯಿಂದಲೂ ಮಾತು ಬಂದರೆ ಇನ್ನೂ ಒಳ್ಳೆಯದು.

ಮೌನ ಓದುಗ

ಮೇಡಂ, ನಾನು ವಿರೋಧ ಹೇಳಲೇಬೇಕು. ಸಂಗೀತಕ್ಕೆ ಸಭಾಂಗಣ ಇದೆ, ನಾಟಕಕ್ಕೆ ರಂಗಮಂದಿರ ಇದೆ. ಸದ್ದಿಲ್ಲದೆ ಕೂತು ಓದಲು ದುಡ್ಡು ಕೊಡದೆ ಸಿಗುವ ಜಾಗ ಗ್ರಂಥಾಲಯ ಒಂದೇ. ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಮನೆಯಲ್ಲಿ ಒಂದೇ ಕೋಣೆ ಇರುವವರು, ಇಂಥವರಿಗೆ ಆ ಮೇಜು ಎಷ್ಟು ಮುಖ್ಯ ಅಂತ ಕಾರ್ಯಕ್ರಮ ಮಾಡುವವರಿಗೆ ಗೊತ್ತಾಗುವುದಿಲ್ಲ. ಕುರ್ಚಿ ಹಾಕಲು ಮೇಜು ಎತ್ತಿಟ್ಟ ದಿನ ಅವರು ಎಲ್ಲಿಗೆ ಹೋಗಬೇಕು? ಕಲಾವಿದರ ಮೇಲೆ ನನಗೆ ಗೌರವವಿದೆ. ನನ್ನ ಪ್ರಶ್ನೆ ಜಾಗದ್ದು.

ಹಿರಿಯ ಗ್ರಂಥಪಾಲಕ

ಓದುಗರೇ, ನಿಮ್ಮ ಪ್ರಶ್ನೆಯನ್ನು ಮೊದಲು ಇತ್ಯರ್ಥ ಮಾಡದೆ ಯಾವ ಗ್ರಂಥಾಲಯವೂ ಕಲಾವಿದರಿಗೆ ಫೋನ್ ಮಾಡಬಾರದು. ಮೇಜು ಕಿತ್ತುಕೊಂಡು ಸಂಗೀತ ಕಛೇರಿ ಮಾಡುವುದನ್ನು ನಾನೂ ಒಪ್ಪುವುದಿಲ್ಲ.

ಆದರೆ ಪ್ರದರ್ಶನ ಕಲೆ ಗ್ರಂಥಾಲಯಕ್ಕೆ ಹೊರಗಿನದು ಅನ್ನುವುದು ಸರಿಯಲ್ಲ. ಯುನೆಸ್ಕೋ 1949ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಬಗ್ಗೆ ಒಂದು ಪ್ರಣಾಳಿಕೆ ಹೊರಡಿಸಿತು. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಜೊತೆ ಸೇರಿ 1994ರಲ್ಲಿ ಅದನ್ನು ಪರಿಷ್ಕರಿಸಿದಾಗ, ಎಲ್ಲ ಪ್ರದರ್ಶನ ಕಲೆಗಳೂ ಜನರಿಗೆ ತಲುಪುವಂತೆ ಮಾಡುವುದು ಗ್ರಂಥಾಲಯದ ಮುಖ್ಯ ಕೆಲಸಗಳಲ್ಲೊಂದು ಎಂದು ಸ್ಪಷ್ಟವಾಗಿ ಸೇರಿಸಿದರು. 2022ರಲ್ಲಿ ಮತ್ತೆ ಪರಿಷ್ಕರಿಸಿದಾಗಲೂ ಕಲೆ, ಪರಂಪರೆಯ ಮಾತು ಉಳಿಯಿತು. ನಿಮ್ಮ ಸಮಿತಿಯಲ್ಲಿ ಯಾರಾದರೂ "ಇದೆಲ್ಲ ನಮಗ್ಯಾಕೆ" ಅಂದರೆ ಈ ಪ್ರಣಾಳಿಕೆಯನ್ನು ಮುಂದಿಡಿ.

ಇನ್ನು ಮೌನದ ವಿಷಯ. ಬ್ರಿಟನ್ನಿನ ಲ್ಯಾಂಕಾಸ್ಟರ್ ಗ್ರಂಥಾಲಯದಲ್ಲಿ 2005ರಿಂದ ಯುವಜನರಿಗಾಗಿ ಕಪಾಟುಗಳ ನಡುವೆಯೇ ಜೋರು ಸಂಗೀತದ ಕಾರ್ಯಕ್ರಮಗಳು ನಡೆದವು. ಆಮೇಲೆ ಅದು ಬೇರೆ ಊರಿನ ಗ್ರಂಥಾಲಯಗಳಿಗೂ ಹಬ್ಬಿತು. ಬಾಗಿಲು ಹಾಕಿದ ಮೇಲಿನ ಹೊತ್ತಿನಲ್ಲಿ ಮಾಡಿದರೆ ಯಾರ ಓದಿಗೂ ತೊಂದರೆ ಆಗದು. ಮೇಡಂ, ವಾರದ ರಜೆಯ ದಿನ ಅಥವಾ ಮುಚ್ಚಿದ ಮೇಲಿನ ಸಂಜೆ, ಇದರಲ್ಲಿ ಒಂದನ್ನು ಆರಿಸಿ. ತೆರೆದಿರುವ ಹೊತ್ತಿನಲ್ಲೇ ಮಾಡಬೇಕಾದರೆ ಪರೀಕ್ಷೆಯ ತಿಂಗಳುಗಳನ್ನು ಬಿಡಿ, ಬಾಗಿಲ ಮೇಲೆ ಬಹಳ ಮುಂಚೆಯೇ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ಓದುಗರ ಸಮಯ ಉಳಿಸು ಎಂಬುದು ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಓದಲೆಂದು ಬಸ್ ಹತ್ತಿ ಬಂದವರಿಗೆ ಬಾಗಿಲಲ್ಲಿ "ಇವತ್ತು ಕಾರ್ಯಕ್ರಮ" ಅಂತ ಗೊತ್ತಾಗಬಾರದು.

ಪಿಟೀಲು ತಂತಿ

ನಾನು ಪಿಟೀಲು ನುಡಿಸುತ್ತೇನೆ. ಗ್ರಂಥಾಲಯಗಳಲ್ಲಿ ನುಡಿಸುವುದು ನನಗೆ ಬಹಳ ಇಷ್ಟದ ಕೆಲಸ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಮಗೆ ಬರುವ ಹೆಚ್ಚಿನ ಆಹ್ವಾನಗಳಲ್ಲಿ ದಿನಾಂಕ ಇರುತ್ತದೆ, ಸಂಭಾವನೆ ಇರುತ್ತದೆ, ಕೋಣೆಯ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಅಲ್ಲಿ ಹೋಗಿ ನೋಡಿದರೆ ಐದು ಜನರ ತಂಡಕ್ಕೆ ಎರಡು ಕಪಾಟುಗಳ ನಡುವಿನ ಓಣಿ ಕೊಟ್ಟಿರುತ್ತಾರೆ. ದಯವಿಟ್ಟು ಹೆಸರಿನಿಂದ ಶುರು ಮಾಡಬೇಡಿ, ಕೋಣೆಯಿಂದ ಶುರು ಮಾಡಿ. ಕೋಣೆ ಎಂಥ ಸಂಗೀತವನ್ನು ತಾಳುತ್ತದೆ ಅಂತ ನೋಡಿಕೊಂಡು ಆಮೇಲೆ ಕಲಾವಿದರನ್ನು ಹುಡುಕಿ.

ಇದು ಸಣ್ಣ ಗ್ರಂಥಾಲಯಗಳಿಗಷ್ಟೇ ಇರುವ ನಿರ್ಬಂಧ ಅಂತ ಬೇಸರ ಬೇಡ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 1925ರಲ್ಲಿ ಎಲಿಜಬೆತ್ ಕೂಲಿಜ್ ಎಂಬ ದಾನಿ ಸುಮಾರು 500 ಆಸನದ ಒಂದು ಸಂಗೀತ ಸಭಾಂಗಣ ಕಟ್ಟಿಸಿದರು. 1944ರಲ್ಲಿ ಅಲ್ಲಿ ಮಾರ್ಥಾ ಗ್ರಹಾಂ ಅವರ ನೃತ್ಯಕ್ಕೆಂದು ಆರನ್ ಕೋಪ್ಲಂಡ್ ಹೊಸ ಸಂಗೀತ ಬರೆದರು. ಜಾಗ ಚಿಕ್ಕದಾದ್ದರಿಂದ ಅದನ್ನು 13 ವಾದ್ಯಗಳಿಗೆ ಮಾತ್ರ ಬರೆದರು. ಮರುವರ್ಷ ಆ ಕೃತಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ದೊಡ್ಡ ವಾದ್ಯವೃಂದಕ್ಕೆ ಅದನ್ನು ವಿಸ್ತರಿಸಿದ್ದು ಆಮೇಲೆ. ಗ್ರಂಥಾಲಯದ ಕೋಣೆಯ ಅಳತೆಯೇ ಒಂದು ದೊಡ್ಡ ಕೃತಿಯ ಆಕಾರ ತೀರ್ಮಾನಿಸಿತು.

ಪುಸ್ತಕ ತುಂಬಿದ ಕೋಣೆ ನಮಗೆ ಒಂದು ವರ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ಶಬ್ದ ಹೊರಟರೆ ಐದೂವರೆ ಸೆಕೆಂಡು ಕೋಣೆಯಲ್ಲೇ ಸುತ್ತುತ್ತಿತ್ತಂತೆ. ವಾಲೇಸ್ ಸಬೈನ್ ಎಂಬ ಯುವ ಪ್ರಾಧ್ಯಾಪಕರು ಹತ್ತಿರದ ರಂಗಮಂದಿರದ ಆಸನದ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಆರ್ಗನ್ ಕೊಳವೆ ಊದಿ, ನಡುರಾತ್ರಿಯ ನಿಶ್ಶಬ್ದದಲ್ಲಿ ಸೆಕೆಂಡು ಎಣಿಸಿದರು. ಮೆತ್ತೆ ಹೆಚ್ಚಿದಂತೆ ಶಬ್ದದ ಸುತ್ತಾಟ ಕಡಿಮೆಯಾಯಿತು. ಕೋಣೆಯ ಅನುರಣನವನ್ನು ಲೆಕ್ಕ ಹಾಕುವ ಶಾಸ್ತ್ರ ಅಲ್ಲಿಂದ ಹುಟ್ಟಿತು. ನಿಮ್ಮ ಕಪಾಟಿನ ಪುಸ್ತಕಗಳೂ ಅದೇ ಕೆಲಸ ಮಾಡುತ್ತವೆ: ಸ್ವಲ್ಪ ಶಬ್ದವನ್ನು ಹೀರುತ್ತವೆ, ಉಬ್ಬುತಗ್ಗಿನ ಬೆನ್ನುಗಳಿಂದ ಉಳಿದದ್ದನ್ನು ಚದುರಿಸುತ್ತವೆ. ಬರಿಗೋಡೆಯ ಹಾಲ್‌ಗಿಂತ ಅಲ್ಲಿ ಪಿಟೀಲು, ಕೊಳಲು, ವೀಣೆ, ಗಿಟಾರ್, ಹಾಡುವ ದನಿ ಎಲ್ಲವೂ ಹತ್ತಿರದಿಂದ, ಬಿಡಿಬಿಡಿಯಾಗಿ ಕೇಳುತ್ತದೆ.

ಹೀಗೆ ಮಾಡಿ ಮೇಡಂ. ಕಲಾವಿದರು ಕೂರುವ ಜಾಗದಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ತಕ್ಷಣ ನಿಂತರೆ ಮಾತು, ಕಥೆ, ತಂತಿವಾದ್ಯ ಮೈಕಿಲ್ಲದೆ ನಡೆಯುತ್ತದೆ. ಬಾಲ ಹಿಡಿದುಕೊಂಡು ಎಳೆದರೆ ತಾಳವಾದ್ಯಗಳು ರಾಡಿಯಾಗುತ್ತವೆ, ಕಡಿಮೆ ಜನರ ತಂಡ ನೋಡಿ. ಆಮೇಲೆ ಕೋಣೆಯ ನಾಲ್ಕು ಮೂಲೆಯಿಂದ ಫೋಟೋ ತೆಗೆದು ಅಳತೆಯ ಸಮೇತ ಕಲಾವಿದರಿಗೆ ಕಳಿಸಿ. ನಾವು ಕೇಳುವುದೇ ಇಷ್ಟು: ಎಷ್ಟು ಜಾಗ, ಕುರ್ಚಿಯೋ ನೆಲವೋ, ಪ್ಲಗ್ ಎಲ್ಲಿ, ಹತ್ತಿರದ ಕಿಟಕಿಯಾಚೆ ರಸ್ತೆ ಇದೆಯಾ.

ಇನ್ನೊಂದು. ಎ.ಸಿ. ಅಥವಾ ಫ್ಯಾನು ಹಾಕುವುದಾದರೆ ನಾವು ಬರುವ ಹೊತ್ತಿಗೇ ಹಾಕಿಡಿ. ಮೃದಂಗ, ತಬಲದ ಚರ್ಮಕ್ಕೆ ಗಾಳಿಯ ತೇವ ಬದಲಾದರೆ ಶ್ರುತಿ ಬದಲಾಗುತ್ತದೆ, ತಂತಿಗೂ ಮರಕ್ಕೂ ಹಾಗೇ. ಜನ ಬಂದು ಕೂತ ಮೇಲೆ ಸೆಖೆ ಅಂತ ಎ.ಸಿ. ಹಾಕಿದರೆ ಮೊದಲ ಹಾಡಿನ ನಡುವೆಯೇ ಶ್ರುತಿ ತಪ್ಪುತ್ತದೆ. ಮುಂಚಿನ ಒಂದು ಗಂಟೆ ಕೋಣೆ ನಮಗೆ ಬಿಟ್ಟುಕೊಟ್ಟರೆ ಸಾಕು.

ಧ್ವನಿವರ್ಧಕ

ಪಿಟೀಲು ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೀನಿ, ನಾನು ಸೌಂಡ್ ಕೆಲಸ ಮಾಡೋನು.

ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದ 6 ಡೆಸಿಬಲ್ ಇಳಿಯುತ್ತೆ. ಕೋಣೆಯೊಳಗೆ ಅಷ್ಟು ಇಳಿಯಲ್ಲ, ಆದರೂ ಹಿಂದಿನ ಸಾಲಿಗೆ ಮುಂದಿನ ಸಾಲಿನಷ್ಟು ಕೇಳಲ್ಲ. ಅದಕ್ಕೆ ಉದ್ದಕ್ಕೆ ಸಾಲು ಹಾಕಬೇಡಿ. ಕಲಾವಿದರನ್ನ ಉದ್ದ ಗೋಡೆಯ ನಡುವೆ ಕೂರಿಸಿ, ಕುರ್ಚಿ ಅರ್ಧಚಂದ್ರದ ಥರ ಹಾಕಿ. ಎಲ್ಲರೂ ಹತ್ತಿರ ಇರ್ತಾರೆ, ಮೈಕೇ ಬೇಡ ಅನ್ನಿಸಬಹುದು.

ಮೈಕ್ ಬೇಕೇ ಬೇಕು ಅಂದ್ರೆ ಒಂದು ಸಣ್ಣ ಸ್ಪೀಕರ್ ಸಾಕು, ಕಿವಿಯ ಎತ್ತರಕ್ಕಿಂತ ಸ್ವಲ್ಪ ಮೇಲೆ, ಮೈಕಿನ ಮುಂದೆ ಇರಲಿ, ಹಿಂದೆ ಬೇಡ. ಹಿಂದೆ ಇಟ್ರೆ ಕೂಗುತ್ತೆ. ಗುಂಯ್ ಅಂತ ಒಂದೇ ಸಮ ಸದ್ದು ಬಂದ್ರೆ ಅದು ಅರ್ತಿಂಗ್ ತೊಂದರೆ ಇರಬಹುದು, ಎಲ್ಲ ಉಪಕರಣವನ್ನೂ ಒಂದೇ ಪ್ಲಗ್ ಪಾಯಿಂಟಿನಿಂದ ತಗೊಂಡು ನೋಡಿ. ವೈರು ಜನ ಓಡಾಡೋ ಕಡೆ ಹಾಯಬಾರದು, ಹಾಯಲೇಬೇಕಾದ್ರೆ ಟೇಪ್ ಹಚ್ಚಿ.

ಕೇಳುಗಿ

ಧ್ವನಿವರ್ಧಕ ಅವರೇ, ಮೈಕ್ ಬೇಡ ಅನ್ನುವ ಮಾತಿಗೆ ನನ್ನದೊಂದು ತಕರಾರು. ನಾನು ಎರಡೂ ಕಿವಿಗೆ ಶ್ರವಣಯಂತ್ರ ಹಾಕುತ್ತೇನೆ. "ನನ್ನ ದನಿ ದೊಡ್ಡದು, ಮೈಕ್ ಬೇಡ" ಅಂತ ಕಲಾವಿದರು ಹೇಳಿದಾಗ ಸಭಿಕರೆಲ್ಲ ಚಪ್ಪಾಳೆ ತಟ್ಟುತ್ತಾರೆ, ನನಗೆ ಅವತ್ತಿನ ಕಾರ್ಯಕ್ರಮ ಮುಗಿದ ಹಾಗೆ. ಸಂಗೀತಕ್ಕೆ ಮೈಕ್ ಬಿಟ್ಟರೂ ಮಾತಿಗೆ, ಅದರಲ್ಲೂ ಇತಿಹಾಸದ ಪ್ರದರ್ಶನಕ್ಕೆ, ದಯವಿಟ್ಟು ಮೈಕ್ ಇರಲಿ. ಕೆಲವು ಶ್ರವಣಯಂತ್ರಗಳಲ್ಲಿ ಟಿ ಎಂಬ ಸೆಟ್ಟಿಂಗ್ ಇರುತ್ತದೆ. ಕೋಣೆಯ ಸುತ್ತ ಇಂಡಕ್ಷನ್ ಲೂಪ್ ಎಂಬ ತಂತಿ ಹಾಕಿಸಿದ್ದರೆ ಮೈಕಿನ ದನಿ ನೇರವಾಗಿ ನಮ್ಮ ಕಿವಿಗೆ ಬರುತ್ತದೆ, ಸುತ್ತಲಿನ ಗದ್ದಲ ಬರುವುದಿಲ್ಲ. ಈಗಲೇ ಹಾಕಿಸಲು ಆಗದಿದ್ದರೆ ಬೇಡ, ಮುಂದೆ ಕಟ್ಟಡ ದುರಸ್ತಿ ಬಂದಾಗ ನೆನಪಿಡಿ.

ಖರ್ಚಿಲ್ಲದೆ ಮಾಡಬಹುದಾದದ್ದೂ ಇದೆ. ಹಾಡುಗಳ ಸಾಹಿತ್ಯವನ್ನು, ಪ್ರದರ್ಶನದಲ್ಲಿ ಬರುವ ಹೆಸರು, ಇಸವಿಗಳನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಕೊಡಿ. ಮುಂದಿನ ಸಾಲಿನಲ್ಲಿ ಕೆಲವು ಜಾಗ ನಮ್ಮಂಥವರಿಗೆ ಬಿಡಿ. ಕಲಾವಿದರ ಮುಖಕ್ಕೆ ಬೆಳಕು ಬೀಳಲಿ, ಬೆನ್ನ ಹಿಂದೆ ಕಿಟಕಿ ಬೇಡ. ನಾನು ತುಟಿ ನೋಡಿ ಅರ್ಧ ಅರ್ಥ ಮಾಡಿಕೊಳ್ಳುತ್ತೇನೆ.

ಕಪಾಟಿನ ಸಾಲು

ಎಲ್ಲರಿಗೂ ತುಂಬಾ ಧನ್ಯವಾದ. ಪಿಟೀಲು ಸರ್, ಇವತ್ತು ಬಾಗಿಲು ಹಾಕಿದ ಮೇಲೆ ಚಪ್ಪಾಳೆ ತಟ್ಟಿ ನೋಡಿದೆ. ಕಪಾಟುಗಳ ಕಡೆ ಸದ್ದು ಪಟ್ಟನೆ ನಿಲ್ಲುತ್ತದೆ, ಆದರೆ ಗಾಜಿನ ಕಿಟಕಿ ಇರುವ ಗೋಡೆಯ ಹತ್ತಿರ ನಿಂತರೆ ಟಣ್ ಅಂತ ವಾಪಸ್ ಬರುತ್ತದೆ. ಆ ಕಡೆ ಕಲಾವಿದರನ್ನು ಕೂರಿಸುವುದಿಲ್ಲ. ಕೇಳುಗಿಯವರ ಮಾತಿನಂತೆ ಕಿಟಕಿ ಬೆನ್ನ ಹಿಂದೆ ಇರುವುದೂ ಹೀಗೆ ತಪ್ಪುತ್ತದೆ.

ಈಗ ಇತಿಹಾಸದ ಕಡೆ ಬರೋಣ. ಒಬ್ಬ ಕಲಾವಿದರ ಕರಪತ್ರ ಬಂದಿದೆ. "ನೂರಕ್ಕೆ ನೂರು ಸತ್ಯ ಘಟನೆಗಳು" ಅಂತ ಅಚ್ಚು ಹಾಕಿಸಿದ್ದಾರೆ. ಅದನ್ನು ಓದಿ ನನಗೆ ಸಂತೋಷಕ್ಕಿಂತ ಅಳುಕೇ ಹೆಚ್ಚಾಯಿತು. ಇಂಥ ಪ್ರದರ್ಶನ ನಂಬಿಕೆಗೆ ತಕ್ಕದ್ದೋ ಅಲ್ಲವೋ ಅಂತ ಮುಂಚೆಯೇ ತಿಳಿಯುವುದು ಹೇಗೆ?

ಬಣ್ಣದ ಮಾತು

ಮೇಡಂ, ನಾನು ಇಂಥ ಪ್ರದರ್ಶನಗಳನ್ನೇ ಕೊಡುವವಳು. ನಿಮ್ಮ ಅಳುಕು ನ್ಯಾಯವಾದದ್ದು. ವೇಷ ಹಾಕಿ "ನಾನು ಹೀಗೆ ಮಾಡಿದೆ" ಅಂದಾಗ ಜನ ಪುಸ್ತಕಕ್ಕಿಂತ ಹೆಚ್ಚಾಗಿ ನಂಬುತ್ತಾರೆ. ಆ ನಂಬಿಕೆಗೆ ನಾವು ಉತ್ತರ ಹೇಳಬೇಕಾಗುತ್ತದೆ.

ಮೊದಲ ಫೋನ್ ಕರೆಯಲ್ಲೇ ಒಂದು ಪ್ರಶ್ನೆ ಕೇಳಿ: ನಿಮ್ಮ ಮಾತುಗಳಲ್ಲಿ ಆ ವ್ಯಕ್ತಿ ನಿಜವಾಗಿ ಬರೆದದ್ದು ಅಥವಾ ಹೇಳಿದ್ದು ಯಾವುದು, ನೀವು ಕಟ್ಟಿದ್ದು ಯಾವುದು? ಒಳ್ಳೆಯ ಕಲಾವಿದರು ಖುಷಿಯಿಂದ ಉತ್ತರಿಸುತ್ತಾರೆ, ಯಾಕೆಂದರೆ ನಾವು ತಿಂಗಳುಗಟ್ಟಲೆ ಕಷ್ಟಪಟ್ಟಿರುವುದು ಅಲ್ಲೇ. ಕಟ್ಟಿದ್ದು ಇದ್ದರೆ ತಪ್ಪೇನಿಲ್ಲ. ಕಟ್ಟದೆ ನಾಟಕ ಆಗುವುದಿಲ್ಲ. ಅದನ್ನು ಜನರಿಗೆ ಹೇಳಬೇಕು, ಅಷ್ಟೇ.

ಒಂದು ಉದಾಹರಣೆ ಕೊಡುತ್ತೇನೆ. ಫ್ಲಾರೆನ್ಸ್ ನೈಟಿಂಗೇಲ್ ಪಾತ್ರ ಮಾಡುವವರು ಬಂದರು ಅಂತಿಟ್ಟುಕೊಳ್ಳಿ. ಕೈಯಲ್ಲಿರುವ ದೀಪ ನೋಡಿ. ಮೂತಿ ಉದ್ದ ಇರುವ, ಅಲ್ಲಾವುದ್ದೀನನ ಚಿತ್ರಗಳಲ್ಲಿ ಬರುವಂಥ ಎಣ್ಣೆ ದೀಪ ಹಿಡಿದಿದ್ದರೆ ಅವರು ಹಳೆಯ ಚಿತ್ರಗಳನ್ನಷ್ಟೇ ನೋಡಿದ್ದಾರೆ. ಕ್ರಿಮಿಯಾ ಯುದ್ಧದಲ್ಲಿ ಆಕೆ ಕೆಲಸ ಮಾಡಿದ, ತುರ್ಕಿಯ ಸ್ಕುತಾರಿಯ ಸೇನಾ ಆಸ್ಪತ್ರೆಯಲ್ಲಿ ಬಳಕೆಯಲ್ಲಿದ್ದದ್ದು ಮಡಚಿಡಬಹುದಾದ ತುರ್ಕಿ ಲಾಟೀನು. ಆಮೇಲೆ ಕೇಳಿ: ಅಲ್ಲಿ ಸೈನಿಕರ ಸಾವು ಕಡಿಮೆಯಾದದ್ದು ಯಾಕೆ? "ಆಕೆಯ ಕರುಣೆಯಿಂದ" ಅಂತ ಉತ್ತರ ಬಂದರೆ ಅದು ಪ್ರಾರ್ಥನಾ ಗೀತೆ, ಇತಿಹಾಸವಲ್ಲ. ಆಕೆ 1854ರ ನವೆಂಬರಿನಲ್ಲಿ 38 ದಾದಿಯರೊಂದಿಗೆ ಅಲ್ಲಿಗೆ ಹೋದರು. ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗದವರು ಬಂದು ಚರಂಡಿ, ನೀರು, ಗಾಳಿಯ ವ್ಯವಸ್ಥೆ ಸರಿಪಡಿಸಿದ ಮೇಲೆ ಸಾವು ಬೇಗಬೇಗ ಇಳಿಯಿತು. ಯುದ್ಧ ಮುಗಿದ ಮೇಲೆ ಆಕೆ ಅಂಕಿಅಂಶ ಹಿಡಿದು ಕೂತು, 1858ರಲ್ಲಿ ವೃತ್ತಾಕಾರದ ಬಣ್ಣದ ರೇಖಾಚಿತ್ರಗಳಲ್ಲಿ ಅದನ್ನೇ ಸರ್ಕಾರಕ್ಕೆ ತೋರಿಸಿದರು. ಗಾಯಕ್ಕಿಂತ ತಡೆಯಬಹುದಾದ ರೋಗಕ್ಕೇ ಸೈನಿಕರು ಹೆಚ್ಚು ಸತ್ತರು ಅನ್ನುವುದು ಆ ಚಿತ್ರಗಳ ತಿರುಳು. ಈ ಆಕೆ ದೀಪ ಹಿಡಿದ ದೇವತೆಗಿಂತ ಎಷ್ಟು ದೊಡ್ಡವರು! ಆಕೆಯ ದನಿ 1890ರಲ್ಲಿ ಫೋನೋಗ್ರಾಫಿನಲ್ಲಿ ದಾಖಲಾಗಿದೆ, ಇಂದಿಗೂ ಕೇಳಬಹುದು. ಪಾತ್ರ ಮಾಡುವವರು ಅದನ್ನು ಕೇಳಿದ್ದಾರಾ ಅಂತಲೂ ವಿಚಾರಿಸಿ.

ಇನ್ನು ಪ್ರದರ್ಶನದ ಸ್ವರೂಪ. ಅಮೆರಿಕದ ಶಟಾಕ್ವಾ ಸರೋವರದ ದಂಡೆಯಲ್ಲಿ 1874ರಲ್ಲಿ ಬೇಸಿಗೆಯ ಕಲಿಕಾ ಶಿಬಿರಗಳು ಶುರುವಾದವು. ಅದೇ ಹೆಸರಿನಲ್ಲಿ 1970ರ ದಶಕದಿಂದ ಚರಿತ್ರೆಯ ವ್ಯಕ್ತಿಗಳ ಪ್ರದರ್ಶನಗಳು ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತಿವೆ. ಅದರಲ್ಲಿ ಮೂರು ಘಟ್ಟ. ಮೊದಲು ಪಾತ್ರವಾಗಿ ಮಾತು. ಆಮೇಲೆ ಪಾತ್ರದಲ್ಲೇ ಇದ್ದು ಸಭಿಕರ ಪ್ರಶ್ನೆಗೆ ಉತ್ತರ. ಕೊನೆಗೆ ವೇಷ ಕಳಚಿ, ಅಂದರೆ ಟೋಪಿಯನ್ನೋ ಶಾಲನ್ನೋ ತೆಗೆದಿಟ್ಟು, ಅಧ್ಯಯನ ಮಾಡಿದವರಾಗಿ ಉತ್ತರ. "ಈ ವ್ಯಕ್ತಿ ಹಾಗೆ ಹೇಳುತ್ತಿದ್ದರು, ಆದರೆ ದಾಖಲೆ ಹೀಗಿದೆ" ಅನ್ನಲು ಅವಕಾಶ ಸಿಗುವುದು ಮೂರನೆಯ ಘಟ್ಟದಲ್ಲಿ. ಗ್ರಂಥಾಲಯಕ್ಕೆ ಇದಕ್ಕಿಂತ ಒಪ್ಪುವ ರೂಪ ನನಗೆ ಗೊತ್ತಿಲ್ಲ. ಮೂರನೆಯ ಘಟ್ಟಕ್ಕೆ ಒಪ್ಪದವರನ್ನು ಕರೆಯಬೇಡಿ ಎನ್ನುವಷ್ಟು ಗಟ್ಟಿಯಾಗಿ ಹೇಳುತ್ತೇನೆ.

ಟೀಚರ್ ಅಕ್ಕ

ಬಣ್ಣದ ಮಾತು ಅವರು ಬರೆದದ್ದು ಓದಿ ನನ್ನ ಮಕ್ಕಳಿಗೆ ಇದನ್ನು ತೋರಿಸಬೇಕು ಅನ್ನಿಸಿತು. ಆದರೆ ಚಿಕ್ಕ ಮಕ್ಕಳಿದ್ದಾಗ ಎರಡನೆಯ ಘಟ್ಟ ಉದ್ದ ಬೇಡ. ಏಳೆಂಟು ವರ್ಷದವರು ಪಾತ್ರವನ್ನು ನಿಜ ಅಂತಲೇ ನಂಬಿಬಿಡುತ್ತಾರೆ, "ನೀವು ಹೇಗೆ ಇನ್ನೂ ಬದುಕಿದ್ದೀರಿ" ಅಂತ ಕೇಳುತ್ತಾರೆ. ಶುರುವಿನಲ್ಲೇ ಕಲಾವಿದರು ತಮ್ಮದೇ ಬಟ್ಟೆಯಲ್ಲಿ ಬಂದು, ಮಕ್ಕಳ ಮುಂದೆಯೇ ಕೋಟು ಹಾಕಿಕೊಂಡು, ಕನ್ನಡಕ ಬದಲಿಸಿ ಪಾತ್ರವಾದರೆ ಗೊಂದಲವೇ ಇರುವುದಿಲ್ಲ. ಬಣ್ಣ ಹಚ್ಚಿಕೊಳ್ಳಲು ಕೋಣೆ ಇಲ್ಲ ಅಂದಿರಲ್ಲ ಮೇಡಂ, ಅದೂ ಹೀಗೆ ಪರಿಹಾರವಾಗುತ್ತದೆ.

ಮಕ್ಕಳ ಕಾರ್ಯಕ್ರಮ ಮುಕ್ಕಾಲು ಗಂಟೆ ದಾಟಬಾರದು. ಮುಂಚಿನ ವಾರ ಮಕ್ಕಳಿಂದ ಚೀಟಿಯಲ್ಲಿ ಪ್ರಶ್ನೆ ಬರೆಸಿಕೊಂಡು ಕಲಾವಿದರಿಗೆ ಕಳಿಸಿ. ನಾಚಿಕೆ ಸ್ವಭಾವದ ಮಗುವಿನ ಪ್ರಶ್ನೆ ಎಲ್ಲರೆದುರು ಓದಿದಾಗ ಆ ಮಗುವಿನ ಮುಖ ನೋಡಬೇಕು ನೀವು! ಮತ್ತೆ ಆ ವ್ಯಕ್ತಿಯ, ಆ ಕಾಲದ ಪುಸ್ತಕಗಳನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಹರಡಿಡಿ. ಎರವಲು ರಿಜಿಸ್ಟರ್ ಅಲ್ಲೇ ಇರಲಿ, ಮಕ್ಕಳು ಅಲ್ಲೇ ಪುಸ್ತಕ ತೆಗೆದುಕೊಂಡು ಹೋಗಲಿ. ನಾಳೆ ಬಾ ಅಂದರೆ ಆ ಕುತೂಹಲ ಉಳಿಯುವುದಿಲ್ಲ.

ಲೆಕ್ಕದ ಪುಸ್ತಕ

ದುಡ್ಡಿನ ವಿಷಯ ಯಾರೂ ಎತ್ತಿಲ್ಲ. ಮೊದಲ ಪತ್ರದಲ್ಲೇ ಮೊತ್ತ ಬರೆಯಿರಿ. "ನಿಮ್ಮ ನಿರೀಕ್ಷೆ ಎಷ್ಟು" ಅಂತ ಕೇಳಿ ಆಮೇಲೆ ಚೌಕಾಸಿ ಮಾಡುವುದು ಇಬ್ಬರಿಗೂ ಮುಜುಗರ. "ನಮ್ಮಲ್ಲಿ ಇಷ್ಟಿದೆ, ಪಕ್ಕವಾದ್ಯದವರೂ ಪ್ರಯಾಣವೂ ಸೇರಿ" ಅಥವಾ "ಪ್ರಯಾಣ ಬೇರೆ" ಅಂತ ಸ್ಪಷ್ಟವಾಗಿರಲಿ. ಹಣ ಯಾವ ದಿನ, ಯಾವ ರೂಪದಲ್ಲಿ, ಯಾರ ಸಹಿಯಿಂದ ಬರುತ್ತದೆ ಅನ್ನುವುದನ್ನೂ ಬರೆಯಿರಿ. ತೆರಿಗೆ ಕಡಿತ ಇದ್ದರೆ ಕೈಗೆ ಸಿಗುವ ಮೊತ್ತ ಬೇರೆಯಾಗುತ್ತದೆ, ಅದನ್ನೂ ಮುಂಚೆಯೇ ತಿಳಿಸಿ. ಕಾರ್ಯಕ್ರಮ ರದ್ದಾದರೆ ಯಾರು ಎಷ್ಟು ಭರಿಸಬೇಕು ಅನ್ನುವ ಒಂದು ಸಾಲು ಇರಲೇಬೇಕು. ಒಂದೇ ಸುತ್ತಿನಲ್ಲಿ ಹತ್ತಿರದ ಎರಡು ಮೂರು ಗ್ರಂಥಾಲಯಗಳಿಗೆ ಕಲಾವಿದರನ್ನು ಕರೆಸಿದರೆ ಪ್ರಯಾಣದ ಖರ್ಚು ಹಂಚಿಹೋಗುತ್ತದೆ. ಅಕ್ಕಪಕ್ಕದ ಗ್ರಂಥಪಾಲಕರನ್ನು ಈಗಲೇ ವಿಚಾರಿಸಿ.

ಪಿಟೀಲು ತಂತಿ

ಲೆಕ್ಕದ ಪುಸ್ತಕ ಅವರಿಗೆ ನನ್ನ ನಮಸ್ಕಾರ. ಒಂದು ಸಂಸ್ಥೆಯಲ್ಲಿ ನುಡಿಸಿ ಬಂದ ಮೇಲೆ ಸಂಭಾವನೆಗಾಗಿ ತಿಂಗಳುಗಟ್ಟಲೆ ಫೋನ್ ಮಾಡಿದ್ದೇನೆ. ಪ್ರತಿ ಸಲ ಬೇರೆಯವರು ಎತ್ತುತ್ತಿದ್ದರು, ಪ್ರತಿಯೊಬ್ಬರಿಗೂ ಮೊದಲಿಂದ ಕಥೆ ಹೇಳಬೇಕಿತ್ತು. ನನ್ನ ಜೊತೆ ಮೃದಂಗ ನುಡಿಸಿದವರಿಗೆ ನಾನು ಕೈಯಿಂದ ಕೊಟ್ಟೆ. ಸಣ್ಣ ಮೊತ್ತವಾದರೂ ಆ ದಿನವೇ ಕೈಗೆ ಬಂದರೆ ಕಲಾವಿದರು ಮರೆಯುವುದಿಲ್ಲ. ಆ ಗ್ರಂಥಾಲಯಕ್ಕೆ ಮತ್ತೆ ಬರುತ್ತಾರೆ, ಬೇರೆ ಕಲಾವಿದರಿಗೂ ಹೇಳುತ್ತಾರೆ. ಇನ್ನು, "ನಿಮಗೆ ಪ್ರಚಾರ ಸಿಗುತ್ತದೆ" ಅನ್ನುವ ಮಾತನ್ನು ಸಂಭಾವನೆಯ ಜಾಗದಲ್ಲಿ ದಯವಿಟ್ಟು ಇಡಬೇಡಿ.

ಹಕ್ಕು ಮತ್ತು ಹಾಡು

ಹಕ್ಕುಸ್ವಾಮ್ಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ತಲೆತಲಾಂತರದ ಹಾಡುಗಳಿಗೆ ಸಾಮಾನ್ಯವಾಗಿ ತೊಡಕಿಲ್ಲ. ಇತ್ತೀಚಿನ ರಚನೆಯಾದರೆ ಸಾರ್ವಜನಿಕವಾಗಿ ಹಾಡುವ ಹಕ್ಕು ರಚನೆಕಾರರದು. 1886ರ ಬರ್ನ್ ಒಪ್ಪಂದದ ವ್ಯವಸ್ಥೆಯಲ್ಲಿ ಕರ್ತೃ ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ ರಕ್ಷಣೆ ಇದೆ. ಭಾರತದಲ್ಲಿ ಅದು 60 ವರ್ಷ, ಯುರೋಪ್ ಒಕ್ಕೂಟದಲ್ಲಿ 70. ಅಮೆರಿಕ, ಬ್ರಿಟನ್‌ಗಳಲ್ಲಿ ಪರವಾನಗಿಯ ಹೊಣೆ ಸಾಮಾನ್ಯವಾಗಿ ಜಾಗ ಕೊಟ್ಟವರ ಮೇಲೆ ಬರುತ್ತದೆ. ಭಾರತದ 1957ರ ಕಾಯ್ದೆಯ 52ನೇ ಕಲಂನಲ್ಲಿ ಹವ್ಯಾಸಿ ಸಂಘಗಳು ದುಡ್ಡು ಕೊಡದ ಪ್ರೇಕ್ಷಕರೆದುರು ಮಾಡುವ ಪ್ರದರ್ಶನಕ್ಕೆ ವಿನಾಯಿತಿ ಇದೆ. ಪ್ರವೇಶ ಉಚಿತ ಅನ್ನುವ ಒಂದೇ ಕಾರಣಕ್ಕೆ, ಸಂಭಾವನೆ ಪಡೆಯುವ ವೃತ್ತಿ ಕಲಾವಿದರ ಕಛೇರಿಗೂ ಅದು ಅನ್ವಯಿಸುತ್ತದೆ ಅಂದುಕೊಳ್ಳಬೇಡಿ. ಹಾಡುಗಳ ಪಟ್ಟಿ ಮುಂಚೆಯೇ ತರಿಸಿಕೊಂಡು ನೋಡಿ.

ವಿಡಿಯೋ ಬೇರೆ ಮಾತು. ಕಲಾವಿದರ ಒಪ್ಪಿಗೆ ಇಲ್ಲದೆ ಅವರ ಪ್ರದರ್ಶನವನ್ನು ದಾಖಲಿಸಬಾರದು, ಪ್ರಸಾರ ಮಾಡಬಾರದು ಎಂಬ ತತ್ವ 1961ರ ರೋಮ್ ಒಪ್ಪಂದದಿಂದ ಬಂದಿದೆ. ಸಭಿಕರು ಮೊಬೈಲಿನಲ್ಲಿ ಹಿಡಿದು ಅಲ್ಲಲ್ಲಿ ಹಾಕುವುದಕ್ಕೂ ಕಲಾವಿದರು ಏನನ್ನುತ್ತಾರೆ ಅಂತ ಕೇಳಿ, ಕಾರ್ಯಕ್ರಮದ ಶುರುವಿನಲ್ಲೇ ಪ್ರಕಟಿಸಿ.

ಮೌನ ಓದುಗ

ಎಲ್ಲವನ್ನೂ ಓದಿದೆ. ಮುಚ್ಚಿದ ಹೊತ್ತಿನಲ್ಲಿ ಮಾಡುವುದಾದರೆ ನನ್ನ ವಿರೋಧವಿಲ್ಲ, ನಾನೂ ಬಂದು ಕೇಳುತ್ತೇನೆ. ಮರುದಿನ ಬಾಗಿಲು ತೆಗೆಯುವ ಹೊತ್ತಿಗೆ ಪ್ರತಿ ಮೇಜೂ ತನ್ನ ಜಾಗದಲ್ಲಿ ಇರಬೇಕು, ಇದೊಂದನ್ನು ಸಮಿತಿ ಲಿಖಿತವಾಗಿ ಒಪ್ಪಲಿ. ಮೇಜು ಹೊರುವುದಕ್ಕೆ ಜನ ಬೇಕಾದರೆ ಹೇಳಿ, ನಾವು ನಾಲ್ಕಾರು ಜನ ಓದುಗರೇ ಬರುತ್ತೇವೆ.

ಒಂದು ಪ್ರಶ್ನೆ ಉಳಿದಿದೆ. ಕಾರ್ಯಕ್ರಮ ಸಾರ್ಥಕವಾಯಿತು ಅಂತ ಹೇಗೆ ತೀರ್ಮಾನಿಸುತ್ತೀರಿ? ತಲೆ ಎಣಿಸಿಯೋ?

ಹಿರಿಯ ಗ್ರಂಥಪಾಲಕ

ತಲೆ ಎಣಿಸಿ, ಅದು ಸಮಿತಿಗೆ ಬೇಕಾಗುತ್ತದೆ. ಆದರೆ ನಾನು ನೋಡುವುದು ಬೇರೆ. ಮೊದಲ ಬಾರಿ ಗ್ರಂಥಾಲಯದೊಳಗೆ ಬಂದವರು ಯಾರು, ಅವರಲ್ಲಿ ಯಾರು ಮತ್ತೆ ಬಂದರು? ಮೇಜಿನ ಮೇಲೆ ಹರಡಿಟ್ಟ ಪುಸ್ತಕಗಳಲ್ಲಿ ಯಾವುದು ಎರವಲು ಹೋಯಿತು? ಯಾರೂ ಮುಟ್ಟದೆ ಕೂತಿದ್ದ ಒಂದು ಜೀವನಚರಿತ್ರೆ ಪ್ರದರ್ಶನದ ನಂತರ ಕಪಾಟಿಗೆ ಮರಳದೆ ಕೈಯಿಂದ ಕೈಗೆ ಹೋಗುತ್ತಿರುವುದನ್ನು ಎರವಲು ರಿಜಿಸ್ಟರಿನಲ್ಲಿ ನೋಡುವುದು ಗ್ರಂಥಪಾಲಕರಿಗೆ ದೊಡ್ಡ ಸಂತೋಷ. ಕಲಾವಿದರಿಗೂ ಅದನ್ನು ಬರೆದು ತಿಳಿಸಿ. ಅವರಿಗೆ ಚಪ್ಪಾಳೆ ಎಲ್ಲ ಕಡೆ ಸಿಗುತ್ತದೆ, ಇಂಥ ಸುದ್ದಿ ಸಿಗುವುದು ಅಪರೂಪ.

ಕಪಾಟಿನ ಸಾಲು

ನೀವೆಲ್ಲ ಹೇಳಿದ್ದನ್ನು ಇಟ್ಟುಕೊಂಡು ಕಲಾವಿದರಿಗೆ ಕಳಿಸುವ ಪತ್ರದ ಕರಡು ಬರೆದಿದ್ದೇನೆ. ಸಂಗೀತಕ್ಕೂ ಇತಿಹಾಸಕ್ಕೂ ಒಂದೇ ಪತ್ರ, ಬೇಡದ ಸಾಲು ತೆಗೆದರಾಯಿತು. ತಿದ್ದಿ ಕೊಡಿ.

"ಮಾನ್ಯರೇ, ನಮ್ಮ ಗ್ರಂಥಾಲಯದಲ್ಲಿ ತಮ್ಮ ಕಾರ್ಯಕ್ರಮ ಏರ್ಪಡಿಸಲು ಬಯಸಿದ್ದೇವೆ. ಕೋಣೆಯ ಫೋಟೋ, ಅಳತೆ ಇದರೊಂದಿಗಿವೆ. ವೇದಿಕೆ ಇಲ್ಲ, ತಾವು ಕೂರುವ ಜಾಗವನ್ನು ಫೋಟೋದಲ್ಲಿ ಗುರುತು ಮಾಡಿದ್ದೇವೆ. ಕಾರ್ಯಕ್ರಮ ಗ್ರಂಥಾಲಯ ಮುಚ್ಚಿದ ಮೇಲೆ ನಡೆಯುತ್ತದೆ. ಅದಕ್ಕಿಂತ ಒಂದು ಗಂಟೆ ಮುಂಚಿನಿಂದ ಕೋಣೆ ತಮ್ಮದು, ಎ.ಸಿ. ಆಗಲೇ ಹಾಕಿರುತ್ತೇವೆ. ಮಾತಿನ ಭಾಗಕ್ಕೆ ಮೈಕ್ ಕಡ್ಡಾಯ, ಕಿವಿ ಮಂದವಿರುವ ಓದುಗರು ಬರುತ್ತಾರೆ. ಸಂಭಾವನೆಯ ಮೊತ್ತ, ಅದರಲ್ಲಿ ಏನೇನು ಸೇರಿದೆ, ತೆರಿಗೆ ಕಡಿತ ಎಷ್ಟು ಎಂಬುದು ಕೆಳಗಿದೆ. ಕಾರ್ಯಕ್ರಮದ ದಿನವೇ ಪಾವತಿಸುತ್ತೇವೆ. ರದ್ದಾದರೆ ಯಾರು ಏನು ಭರಿಸಬೇಕೆಂಬುದನ್ನೂ ಬರೆದಿದ್ದೇವೆ. ಹಾಡುಗಳ ಪಟ್ಟಿಯನ್ನು, ಇತಿಹಾಸದ ಪ್ರದರ್ಶನವಾದರೆ ಆಧರಿಸಿದ ಪುಸ್ತಕ, ದಾಖಲೆಗಳ ಪಟ್ಟಿಯನ್ನು ಮುಂಚೆಯೇ ಕಳಿಸಿಕೊಡಬೇಕು. ಆ ಪುಸ್ತಕಗಳಲ್ಲಿ ನಮ್ಮಲ್ಲಿರುವುದನ್ನು ಪ್ರದರ್ಶನಕ್ಕಿಟ್ಟು, ಇಲ್ಲದ್ದನ್ನು ತರಿಸಲು ಪ್ರಯತ್ನಿಸುತ್ತೇವೆ. ಕೊನೆಯಲ್ಲಿ ವೇಷ ಕಳಚಿ ಸಭಿಕರ ಪ್ರಶ್ನೆಗಳಿಗೆ ಉತ್ತರಿಸಲು ಸಮಯ ಇಟ್ಟುಕೊಳ್ಳಬೇಕೆಂದು ವಿನಂತಿ. ಫೋಟೋ, ವಿಡಿಯೋ ಬಗ್ಗೆ ತಮ್ಮ ಒಪ್ಪಿಗೆ ಅಥವಾ ನಿರಾಕರಣೆ ತಿಳಿಸಿ."

ಬಣ್ಣದ ಮಾತು

ಮೇಡಂ, ಇಂಥ ಪತ್ರ ನನಗೆ ಬಂದರೆ ಅದೇ ದಿನ ಒಪ್ಪಿಕೊಳ್ಳುತ್ತೇನೆ. ಆ "ನೂರಕ್ಕೆ ನೂರು ಸತ್ಯ" ಕರಪತ್ರದವರಿಗೂ ಇದನ್ನೇ ಕಳಿಸಿ. ಪುಸ್ತಕಗಳ ಪಟ್ಟಿ ಬಂದರೆ ಕರೆಸಿ, ಬಾರದಿದ್ದರೆ ಬಿಡಿ.

ಪಿಟೀಲು ತಂತಿ

ಒಬ್ಬರ ಹೆಸರು, ಫೋನ್ ನಂಬರ್ ಸೇರಿಸಿ. ಕಾರ್ಯಕ್ರಮದ ದಿನ ಬಾಗಿಲು ತೆಗೆಯುವವರು, ಪ್ಲಗ್ ತೋರಿಸುವವರು, ಹಣ ಕೊಡುವವರು ಎಲ್ಲದಕ್ಕೂ ನಾವು ಆ ಒಬ್ಬರನ್ನೇ ಕೇಳುವಂತಿರಲಿ.

ಕಪಾಟಿನ ಸಾಲು

ಸೇರಿಸಿದೆ ಸರ್, ನನ್ನ ನಂಬರೇ ಹಾಕಿದ್ದೇನೆ. ಮೇಜುಗಳ ವಿಷಯ ಸಮಿತಿಯ ಮುಂದಿನ ಸಭೆಯ ಮೊದಲ ಅಂಶವಾಗಿ ಬರೆದಿದ್ದೇನೆ. ಮೌನ ಓದುಗ ಅವರೇ, ಆ ಸಭೆಗೆ ನೀವೂ ಬರಬೇಕು.